ಬರೆಯಲೊಲ್ಲದ ಮಗುವಿಗೆ ಚಿತ್ರದ ಆಸರೆ

ಪ್ರಬಂಧದ ಅವಧಿ ಬಂದಿತೆಂದರೆ ಕೆಲವು ಮಕ್ಕಳ ಮುಖ ಬಾಡುವುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಆಟದ ಬಯಲಿನಲ್ಲಿ ಅರಳು ಹುರಿದಂತೆ ಮಾತನಾಡುವ ಬಾಲಕನು ಲೇಖನಿಯನ್ನು ಕೈಗೆತ್ತಿಕೊಂಡೊಡನೆ ಮೂಕನಾಗುತ್ತಾನೆ. ತಲೆಬರಹವನ್ನು ಬರೆದು ಅಡಿಗೆರೆ ಎಳೆಯುತ್ತಾನೆ; ಆ ಗೆರೆಯನ್ನೇ ಮತ್ತೆ ಮತ್ತೆ ತಿದ್ದುತ್ತಾನೆ. ಇಂಥವನನ್ನು ಸೋಮಾರಿಯೆಂದೋ ಮಂದಮತಿಯೆಂದೋ ಕರೆಯುವುದು ಸುಲಭ. ಆದರೆ ಅಷ್ಟು ಮಾತು ಬಲ್ಲವನಲ್ಲಿ ವಿಷಯವೇ ಇಲ್ಲವೆನ್ನಲಾದೀತೆ? ವಿಷಯ ಅವನಲ್ಲಿ ಸಾಕಷ್ಟಿದೆ. ಅದನ್ನು ಅಣಿಗೊಳಿಸುವ ಬಗೆ ತಿಳಿಯದು. ಆ ಬಗೆಯನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಟ್ಟರೆ ಬರವಣಿಗೆಯ ಭಯ ಬಹುಮಟ್ಟಿಗೆ ನೀಗುತ್ತದೆಂಬುದೇ ಈ ಲೇಖನದ ತಾತ್ಪರ್ಯ.

ಮಾತನಾಡುವಾಗ ಎದುರಿಗಿರುವವನು 'ಆಮೇಲೆ?' 'ಯಾಕೆ?' 'ಯಾರು?' ಎಂದು ಕೇಳುತ್ತ ಮಾತನ್ನು ಮುನ್ನಡೆಸುತ್ತಾನೆ. ಕಾಗದವಾದರೋ ಏನನ್ನೂ ಕೇಳುವುದಿಲ್ಲ. ಏನು ಹೇಳಬೇಕು, ಯಾವುದು ಮೊದಲು, ವಾಕ್ಯ ಹೇಗೆ, ಒತ್ತಕ್ಷರವೆಲ್ಲಿ, ದೀರ್ಘವೆಲ್ಲಿ ಎಂಬ ಹೊರೆಗಳೆಲ್ಲ ಒಮ್ಮೆಗೇ ಮಗುವಿನ ಮೇಲೆ ಬೀಳುತ್ತವೆ. ಮನೆಯಲ್ಲಿ ಆಡುವ ಕನ್ನಡ ಒಂದು, ಪುಸ್ತಕದ ಕನ್ನಡ ಮತ್ತೊಂದು ಎಂಬ ತೊಡಕೂ ಅದಕ್ಕೆ ಸೇರುತ್ತದೆ. ಅಮೆರಿಕದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಎಂಬ ವಿದ್ವಾಂಸರು 1981ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಯೋಜಿಸುವುದು, ವಾಕ್ಯರೂಪ ಕೊಡುವುದು, ಪರಿಶೀಲಿಸುವುದು ಎಂಬ ಮೂರು ಕಾರ್ಯಗಳು ಬರೆಯುವವನ ಮನಸ್ಸಿನಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುತ್ತವೆಂದು ವಿವರಿಸಿದರು. ಪಳಗಿದವನಿಗೆ ಈ ಹೆಣಿಗೆ ಹಗುರ. ಎಳೆಯನಿಗೆ ಅದು ಸಿಕ್ಕು. ಆದ್ದರಿಂದ ಯೋಜನೆಯ ಭಾಗವನ್ನು ಬೇರ್ಪಡಿಸಿ ಮೊದಲು ಮುಗಿಸಿಕೊಡುವುದೇ ಉಪಾಯ.

'ನಮ್ಮೂರ ಸಂತೆ' ಎಂಬ ವಿಷಯವನ್ನು ತೆಗೆದುಕೊಳ್ಳೋಣ. ಮೊದಲ ಹೆಜ್ಜೆಯಲ್ಲಿ ಮಗುವು ಬರೆಯಬೇಕಾಗಿಲ್ಲ. ಉಪಾಧ್ಯಾಯರು ಕೇಳುತ್ತಾರೆ, ಮಗು ಹೇಳುತ್ತದೆ. ಬಂದ ಪ್ರತಿಯೊಂದು ಉತ್ತರವನ್ನೂ ಒಂದೆರಡು ಪದಗಳಲ್ಲಿ ಒಂದೊಂದು ಚೀಟಿಗೆ ಇಳಿಸಬೇಕು: ಮೆಣಸಿನಕಾಯಿಯ ಘಾಟು, ಬಳೆಗಾರ, ಚೌಕಾಸಿ, ಅಜ್ಜಿ ಕೊಡಿಸಿದ ಚುರುಮುರಿ, ಮಳೆ ಬಂದಾಗಿನ ಓಡಾಟ, ಕುರಿಗಳ ಕೂಗು. ಪದಗಳು ಮಗುವಿನವೇ ಆಗಿರಲಿ; ಗ್ರಾಂಥಿಕವಾಗಿ ತಿದ್ದುವುದು ಆಗ ಬೇಡ. ಹತ್ತು ಹನ್ನೆರಡು ಚೀಟಿಗಳಾದ ಮೇಲೆ ಅವುಗಳನ್ನು ನೆಲದ ಮೇಲೆ ಹರಡಿ, ಒಂದಕ್ಕೊಂದು ನಂಟುಳ್ಳವುಗಳನ್ನು ಒಟ್ಟುಗೂಡಿಸಲು ಹೇಳಬೇಕು. ಕಂಡದ್ದು, ಕೇಳಿದ್ದು, ನಡೆದದ್ದು ಎಂದು ಒಬ್ಬನು ವಿಂಗಡಿಸಿದರೆ, ಮಾರುವವರು, ಕೊಳ್ಳುವವರು, ಸರಕು ಎಂದು ಇನ್ನೊಬ್ಬನು ವಿಂಗಡಿಸಿಯಾನು. ಎರಡೂ ಸರಿಯೇ.

ಅನಂತರ ಒಂದು ಮರವನ್ನು ಬರೆಯುವುದು. ಕಾಂಡವೇ ವಿಷಯ, ಕೊಂಬೆಗಳೇ ಗುಂಪುಗಳು, ಎಲೆಗಳೇ ಚೀಟಿಗಳು. ಒಂದು ಕೊಂಬೆಗೆ ಒಂದು ಕಂಡಿಕೆ. ಕೊಂಬೆಗಳಿಗೆ 1, 2, 3 ಎಂದು ಅಂಕಿ ಕೊಟ್ಟರೆ ಕ್ರಮವೂ ಸಿದ್ಧಿಸಿತು. ಒಂದೇ ಎಲೆಯುಳ್ಳ ಕೊಂಬೆ ಬೋಳಾಗಿರುವುದು ಮಗುವಿಗೆ ತಾನೇ ಕಾಣುತ್ತದೆ. 'ಇನ್ನೇನಾದರೂ ಸೇರಿಸು' ಎಂದು ಯಾರೂ ಗದರಿಸಬೇಕಾಗಿಲ್ಲ. ಎಲ್ಲಿಯೂ ಕೂಡದ ಎಲೆಯನ್ನು ಬಿಡಬೇಕೇ, ಅದಕ್ಕಾಗಿ ಹೊಸ ಕೊಂಬೆ ಬೇಕೇ ಎಂಬುದನ್ನೂ ಮಗುವೇ ನಿರ್ಣಯಿಸಲಿ. ವಾಕ್ಯರಚನೆಯೂ ಕಾಗುಣಿತವೂ ಇದಾದ ಮೇಲಿನ ಮಾತು.

ಎಲ್ಲ ವಿಷಯಕ್ಕೂ ಮರವೇ ಒಪ್ಪುವುದಿಲ್ಲ. ಜೋಳದ ರೊಟ್ಟಿ ಮಾಡುವ ಬಗೆಯನ್ನು ಬರೆಯಬೇಕಾದರೆ ಸರಪಳಿಯ ಚಿತ್ರ ತಕ್ಕದ್ದು: ಹಿಟ್ಟಿಗೆ ಬಿಸಿನೀರು, ನಾದುವುದು, ಬಡಿಯುವುದು, ಕಾದ ಹಂಚಿಗೆ ಹಾಕುವುದು, ಮೇಲೆ ನೀರು ಸವರುವುದು, ತಿರುವಿ ಬೇಯಿಸುವುದು. ನಡುವಣ ಒಂದು ಕೊಂಡಿ ತಪ್ಪಿದರೆ ಕಣ್ಣಿಗೇ ತಿಳಿಯುತ್ತದೆ. ಬಾವಿ ಮತ್ತು ಕೆರೆಗಳನ್ನು ಹೋಲಿಸುವಾಗ ಒಂದರ ಮೇಲೊಂದು ಅರ್ಧ ಕವಿದ ಎರಡು ವೃತ್ತಗಳು ಸಾಕು. ನಡುವೆ ಸಾಮ್ಯ, ಆಚೀಚೆ ಭೇದ. 'ಕೆರೆ ಏಕೆ ಬತ್ತಿತು?' ಎಂಬಂಥ ಕಾರಣವಿಚಾರಕ್ಕೆ ಜಪಾನಿನ ಕಾವೊರು ಇಷಿಕಾವ ಅವರು ಬಳಕೆಗೆ ತಂದ ಮೀನಿನ ಮುಳ್ಳಿನ ಚಿತ್ರ ಉಚಿತ: ಹೂಳು, ಒತ್ತುವರಿ, ಮಳೆಯ ಕೊರತೆ ಒಂದೊಂದು ಮುಳ್ಳಾಗಿ ಬೆನ್ನೆಲುಬಿಗೆ ಸೇರುತ್ತವೆ.

ಇಂಥ ಚಿತ್ರಗಳು ಪಾಶ್ಚಾತ್ಯ ಶಿಕ್ಷಣದಲ್ಲಿ ಹೆಸರು ಪಡೆದದ್ದು ಈಚೆಗೆ. ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಅವರ ಸಂಗಡಿಗರು 1972ರಲ್ಲಿ ಪರಿಕಲ್ಪನಾ ನಕ್ಷೆಯನ್ನು ರೂಪಿಸಿದರು. ಇಂಗ್ಲೆಂಡಿನ ಟೋನಿ ಬುಜಾನ್ 1974ರಿಂದ ಮನೋನಕ್ಷೆಯನ್ನು ಪ್ರಚುರಪಡಿಸಿದರು. ಆದರೆ ಬರೆಯುವವನಿಗೆ ಮೊದಲೇ ಚೌಕಟ್ಟೊಂದನ್ನು ಒದಗಿಸಬೇಕೆಂಬ ತತ್ತ್ವ ನಮಗೆ ಹೊಸದಲ್ಲ. ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯ ಮೊದಲಾದ ಅಷ್ಟಾದಶ ವರ್ಣನೆಗಳು ಮಹಾಕಾವ್ಯ ರಚಿಸುವ ಕವಿಗೆ ಸಿದ್ಧವಾದ ಕೊಂಬೆಗಳಲ್ಲದೆ ಮತ್ತೇನು? ಎಲೆಗಳನ್ನು ತೊಡಿಸುವುದು ಕವಿಯ ಪ್ರತಿಭೆಗೆ ಬಿಟ್ಟದ್ದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಉಪಾಧ್ಯಾಯರೇ ಎಲೆಗಳನ್ನೂ ತುಂಬಿಕೊಟ್ಟರೆ, ಅಥವಾ ಒಂದೇ ಚಿತ್ರವನ್ನು ನಲವತ್ತು ಮಕ್ಕಳಿಗೂ ಹಂಚಿದರೆ, ನಲವತ್ತು ಪ್ರಬಂಧಗಳೂ ಒಂದೇ ಅಚ್ಚಿನವಾಗುತ್ತವೆ. ಗೈಡು ಪುಸ್ತಕದ ಪ್ರಬಂಧವನ್ನು ಕಂಠಪಾಠ ಮಾಡಿಸುವುದಕ್ಕೂ ಇದಕ್ಕೂ ಆಗ ಅಂತರವಿರದು. ಪರರ ವಾಕ್ಯಗಳಿಂದ ಅಂಕ ಗಳಿಸಿದ ಮಗು, ತಾನು ಕಂಡ ಸಂತೆಗೂ ತನ್ನ ಅಜ್ಜಿಯ ಮಾತಿಗೂ ಬೆಲೆಯಿಲ್ಲವೆಂದು ನಂಬಿಬಿಡುತ್ತದೆ. ಮನೆತನದಲ್ಲಿ ಮೊದಲ ಬಾರಿಗೆ ಅಕ್ಷರ ಕಲಿಯುತ್ತಿರುವ ಮಗುವಿಗೆ ಈ ನಷ್ಟ ಅಂಕಗಳಿಂದ ತುಂಬಿಬರುವಂಥದಲ್ಲ. ಚಿತ್ರಕ್ಕೆ ಬಣ್ಣ ತುಂಬುವುದರಲ್ಲೇ ಅವಧಿ ಕಳೆಯುವುದೂ ಸಲ್ಲದು. ಆಸರೆಯನ್ನು ಕ್ರಮೇಣ ತೆಗೆಯಬೇಕು: ಮೊದಲು ಕರಿಹಲಗೆಯ ಮೇಲೆ ಎಲ್ಲರೂ ಕೂಡಿ, ಅನಂತರ ಮಗು ತಾನೊಬ್ಬನೇ, ಕೊನೆಗೆ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಅಂಚಿನಲ್ಲಿ ಎರಡು ನಿಮಿಷದ ಗೀಚು.

ಇದಕ್ಕೆ ಬೇಕಾಗುವ ಸಾಮಗ್ರಿ ಸೀಮೆಸುಣ್ಣ, ಒಂದು ಹಿಡಿ ಚೀಟಿ, ಹಳೆಯ ಕ್ಯಾಲೆಂಡರಿನ ಖಾಲಿ ಬೆನ್ನು. ಹೆಚ್ಚು ಬೇಕಾಗುವುದು ಕೇಳುವವರ ತಾಳ್ಮೆ. ಸಹೃದಯ ವಾಚಕರು ತಮ್ಮ ಮನೆಯಲ್ಲಿ ಬರೆಯಲೊಲ್ಲದ ಮಗುವಿದ್ದರೆ 'ಬರೆ' ಎಂದು ಒತ್ತಾಯಿಸುವ ಮುನ್ನ ಪಕ್ಕದಲ್ಲಿ ಕುಳಿತು 'ಆಮೇಲೆ?' ಎಂದು ಕೇಳಲಿ, ಬಂದ ಉತ್ತರವನ್ನು ಚೀಟಿಗಿಳಿಸಲಿ ಎಂದು ವಿನಂತಿಸುತ್ತೇನೆ.