ಹೊರಗಿನ ಫಲಕ, ಒಳಗಿನ ಪಾಠ

ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ರಾಜ್ಯಭಾಷೆಯಾಗಿ, ಕನ್ನಡದ ಶಾಲೆಯೊಂದನ್ನು ನಡೆಸುವುದೇ ದುಸ್ತರವಾಗಿದ್ದ ದಿನಗಳಲ್ಲಿ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ವೃತ್ತಾಂತವನ್ನು ಬೀದರ ಸೀಮೆಯಲ್ಲಿ ಅರಿಯದವರು ವಿರಳ. ಹೊರಗೆ ಕಾಣುವುದು ಒಂದು, ಒಳಗೆ ಇರುವುದು ಮತ್ತೊಂದು ಎಂಬ ಆ ಭೇದವನ್ನು ಚಿತ್ತದಲ್ಲಿಟ್ಟುಕೊಂಡವರಿಗೆ, ಇಂದು ನಮ್ಮ ಕಂಪ್ಯೂಟರುಗಳಲ್ಲಿ ಕನ್ನಡಕ್ಕೆ ಒದಗುವ ಒಂದು ಸಂಕಟದ ಮರ್ಮ ಸುಲಭವಾಗಿ ತಿಳಿದೀತು.

ಭಾಲ್ಕಿ ತಾಲೂಕಿನ ಸಾಯಗಾಂವ ಮಹಾರಾಷ್ಟ್ರದ ಗಡಿಗೆ ಹತ್ತಿರವಾದ ಊರು. ಕನ್ನಡವೂ ಮರಾಠಿಯೂ ಒಂದೇ ಸಂತೆಯಲ್ಲಿ, ಎಷ್ಟೋ ವೇಳೆ ಒಂದೇ ಮಾತಿನಲ್ಲಿ, ಬೆರೆಯುವ ಸೀಮೆ. ಅಲ್ಲಿಯ ಮಾಸ್ತರರೊಬ್ಬರು ಲಿನಕ್ಸ್ ಅಳವಡಿಸಿದ ಕಂಪ್ಯೂಟರಿನಲ್ಲಿ, ಎರಡೂ ಭಾಷೆಗಳಲ್ಲಿ ಬರೆದಿರುವ ಪತ್ರವೊಂದನ್ನು ತೆರೆಯುತ್ತಾರೆಂದು ಭಾವಿಸೋಣ. ಮರಾಠಿಯ ಸಾಲುಗಳು ಸ್ಪಷ್ಟವಾಗಿ ಮೂಡುತ್ತವೆ. ಕನ್ನಡವಿರಬೇಕಾದೆಡೆಯಲ್ಲಿ ಮಾತ್ರ ಬರಿಯ ಚೌಕಗಳು ಸಾಲುಗಟ್ಟಿ ನಿಂತಿರುತ್ತವೆ. ಪತ್ರವೇ ಕೆಟ್ಟಿತೆಂದು ಬಗೆದು ಅದನ್ನು ಅಳಿಸಿಹಾಕುವವರೂ, ಕಷ್ಟಪಟ್ಟು ಪುನಃ ಬೆರಳಚ್ಚು ಮಾಡುವವರೂ ಉಂಟು. ಎರಡೂ ಅನಾವಶ್ಯಕ, ಮೊದಲನೆಯದು ಅನರ್ಥವೂ ಹೌದು.

ಏಕೆಂದರೆ ಕಂಪ್ಯೂಟರು ತನ್ನೊಳಗೆ ಕಾಪಾಡಿಕೊಳ್ಳುವುದು ಅಕ್ಷರದ ಸಂಕೇತವನ್ನೇ ಹೊರತು ಅದರ ಆಕೃತಿಯನ್ನಲ್ಲ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆಂದು 128 ಸ್ಥಾನಗಳ ಒಂದು ಪಂಕ್ತಿ ಮೀಸಲಾಗಿದೆ. ‘ಸಾಯಗಾಂವ’ ಎಂಬ ಹೆಸರು ಅದರಲ್ಲಿ ಏಳು ಸಂಕೇತಗಳ ಸಾಲು: ಸ, ಆಕಾರದ ಚಿಹ್ನೆ, ಯ, ಗ, ಪುನಃ ಆಕಾರದ ಚಿಹ್ನೆ, ಸೊನ್ನೆ, ವ. ಈ ಸಂಕೇತಗಳಿಗೆ ರೂಪವನ್ನು ಕೊಡತಕ್ಕದ್ದು ಫಾಂಟು. ಮಾಸ್ತರರ ಕಂಪ್ಯೂಟರಿನಲ್ಲಿ ದೇವನಾಗರಿಯ ಫಾಂಟು ಇದ್ದು ಕನ್ನಡದ್ದು ಇಲ್ಲವಾದುದರಿಂದ, ಅಥವಾ ಇದ್ದೂ ಕಣ್ಣಿಗೆ ಬೀಳದಿರುವುದರಿಂದ, ಚೌಕಗಳು ಕಂಡಿವೆ. ಫಲಕ ಮರೆಯಾಗಿದೆ, ಪಾಠ ಒಳಗೆ ಯಥಾಸ್ಥಿತವಾಗಿದೆ.

ಲಿನಕ್ಸಿನಲ್ಲಿ ತಂತ್ರಾಂಶಗಳನ್ನೂ ಫಾಂಟುಗಳನ್ನೂ ಭಂಡಾರದಿಂದ ತಂದು ಅವುಗಳ ನಿಯತ ಸ್ಥಾನದಲ್ಲಿರಿಸುವ ಕಾರ್ಯ ಪ್ಯಾಕೇಜ್ ಮ್ಯಾನೇಜರಿನದು. ಹಾಗೆ ಇರಿಸಿದ ಫಾಂಟುಗಳನ್ನು ಹುಡುಕಿ, ಯಾವ ಅಕ್ಷರಕ್ಕೆ ಯಾವ ಫಾಂಟು ಸಲ್ಲುವುದೆಂದು ನಿರ್ಣಯಿಸುವುದು ಫಾಂಟ್‌ಕಾನ್ಫಿಗ್ ಎಂಬ ಮತ್ತೊಂದು ವ್ಯವಸ್ಥೆಯದು. ಒಬ್ಬನು ಉಗ್ರಾಣಕ್ಕೆ ಧಾನ್ಯವನ್ನು ತಂದು ತುಂಬುವವನು, ಇನ್ನೊಬ್ಬನು ಅದರ ಪಟ್ಟಿಯನ್ನು ಇಟ್ಟುಕೊಂಡು ಕೇಳಿದವರಿಗೆ ಅಳೆದುಕೊಡುವವನು. ಇವರಿಬ್ಬರ ನಡುವೆ ವ್ಯವಹಾರ ತಪ್ಪಿದಾಗಲೇ ‘ಫಾಂಟು ಹಾಕಿದೆ, ಆದರೂ ಕಾಣಿಸುತ್ತಿಲ್ಲ’ ಎಂಬ ದೂರು ಹುಟ್ಟುವುದು.

ಆದುದರಿಂದ ಪರಿಶೀಲನೆಗೆ ಒಂದು ಕ್ರಮವಿರಬೇಕು. ಮೊದಲು ಎಫ್‌ಸಿ-ಲಿಸ್ಟ್ ಎಂಬ ಆಜ್ಞೆಗೆ ಕನ್ನಡದ ಭಾಷಾಸೂಚಿಯಾದ ‘ಕೆಎನ್’ ಎಂಬುದನ್ನು ಜೋಡಿಸಿ, ಕನ್ನಡವನ್ನು ಬಲ್ಲ ಫಾಂಟುಗಳ ಪಟ್ಟಿಯನ್ನು ಕೇಳಬೇಕು. ಫಾಂಟ್‌ಕಾನ್ಫಿಗ್ ಹೆಸರಿಗೆ ಮರುಳಾಗುವುದಿಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು; ಕನ್ನಡಕ್ಕೆ ಅವಶ್ಯಕವೆಂದು ತನ್ನಲ್ಲಿ ಬರೆದಿಟ್ಟುಕೊಂಡ ಅಕ್ಷರಗಳೆಲ್ಲವೂ ಫಾಂಟಿನಲ್ಲಿದ್ದರೆ ಮಾತ್ರ ಅದು ಅದನ್ನು ಕನ್ನಡದ ಫಾಂಟೆಂದು ಪಟ್ಟಿಯಲ್ಲಿ ಸೇರಿಸುತ್ತದೆ. ಉತ್ತರ ಬರಿದಾಗಿದ್ದರೆ ಪ್ಯಾಕೇಜ್ ಮ್ಯಾನೇಜರಿನ ಮೂಲಕ ಲೋಹಿತ್, ನೋಟೋ, ಗುಬ್ಬಿ ಅಥವಾ ನವಿಲು ಫಾಂಟನ್ನು ತರಿಸಿಕೊಳ್ಳಬೇಕು. ಇವೆಲ್ಲವೂ ಮೂಲ್ಯವಿಲ್ಲದೆ ದೊರೆಯುವಂಥವು. ಇವುಗಳ ಪೈಕಿ ನೋಟೋ ಎಂಬ ಹೆಸರು ಈ ಚೌಕಗಳನ್ನು ಲೋಕದ ಎಲ್ಲ ಭಾಷೆಗಳಿಂದಲೂ ನಿವಾರಿಸಬೇಕೆಂಬ ಸಂಕಲ್ಪದಿಂದಲೇ ಬಂದುದಾಗಿದೆ.

ಪ್ಯಾಕೇಜ್ ಮ್ಯಾನೇಜರು ‘ಸ್ಥಾಪಿಸಲಾಗಿದೆ’ ಎಂದು ಹೇಳಿದ ಮೇಲೂ ಪಟ್ಟಿ ಬರಿದಾಗಿಯೇ ಉಳಿದರೆ, ಕಡತಗಳು ಎಲ್ಲಿ ಬಂದು ಕುಳಿತಿವೆಯೆಂಬುದನ್ನು ಆ ಮ್ಯಾನೇಜರನ್ನೇ ಕೇಳತಕ್ಕದ್ದು. ಡೆಬಿಯನ್, ಉಬುಂಟು ಮುಂತಾದವುಗಳಲ್ಲಿ ಅವು ಸಾಮಾನ್ಯವಾಗಿ ‘ಯುಎಸ್‌ಆರ್’ ಕೋಶದೊಳಗಣ ‘ಶೇರ್’, ಅದರೊಳಗಣ ‘ಫಾಂಟ್ಸ್’ ಎಂಬಲ್ಲಿಗೆ ಸೇರುತ್ತವೆ, ಪಟ್ಟಿಯೂ ತಾನಾಗಿ ನವೀಕೃತವಾಗುತ್ತದೆ. ನಿಕ್ಸ್, ಗಿಕ್ಸ್ ಎಂಬ ಮ್ಯಾನೇಜರುಗಳಾದರೋ ತಂದುದನ್ನು ತಮ್ಮದೇ ಪ್ರತ್ಯೇಕ ಕೋಶದಲ್ಲಿ ಇರಿಸುವುದರಿಂದ, ಫಾಂಟ್‌ಕಾನ್ಫಿಗ್ ಹುಡುಕುವ ಸ್ಥಳಗಳಲ್ಲಿ ಆ ಕೋಶದ ಹೆಸರು ಇಲ್ಲದಿದ್ದರೆ ಫಾಂಟು ಮನೆಯೊಳಗೆ ಇದ್ದೂ ಇಲ್ಲದಂತಾಗುತ್ತದೆ. ಆಗ ಫಾಂಟ್‌ಕಾನ್ಫಿಗಿನ ವಿನ್ಯಾಸಕಡತದಲ್ಲಿ ಆ ಸ್ಥಳವನ್ನು ನಮೂದಿಸಬೇಕು. ಕೈಯಿಂದಲೇ ನಕಲು ಮಾಡಿದ ಫಾಂಟಾದರೆ, ಅದನ್ನು ಓದುವ ಅನುಮತಿ ಸಾಮಾನ್ಯ ಬಳಕೆದಾರನಿಗೆ ಇದೆಯೇ ಎಂಬುದನ್ನೂ ನೋಡಬೇಕು. ಅನಂತರ ಎಫ್‌ಸಿ-ಕ್ಯಾಶ್ ಎಂಬ ಆಜ್ಞೆಯಿಂದ ಪಟ್ಟಿಯನ್ನು ಹೊಸದಾಗಿ ಕಟ್ಟಿಸಿ, ಎಫ್‌ಸಿ-ಮ್ಯಾಚ್ ಎಂಬುದರಿಂದ ಕನ್ನಡಕ್ಕೆ ಯಾವ ಫಾಂಟು ಆಯ್ಕೆಯಾಗುವುದೆಂದು ತಿಳಿದುಕೊಂಡು, ತೆರೆದಿದ್ದ ತಂತ್ರಾಂಶವನ್ನು ಮುಚ್ಚಿ ಪುನಃ ತೆರೆಯಬೇಕು. ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಮೊದಲಾದ ವಿಧಾನಗಳಿಂದ ಬಂದ ತಂತ್ರಾಂಶಗಳು ತಮ್ಮದೇ ಆವರಣದೊಳಗಿದ್ದು ಹೊರಗಿನದನ್ನು ಪರಿಮಿತವಾಗಿ ಮಾತ್ರ ನೋಡಬಲ್ಲವು. ಒಂದು ತಂತ್ರಾಂಶದಲ್ಲಿ ಕನ್ನಡ ಮೂಡಿ ಮತ್ತೊಂದರಲ್ಲಿ ಮೂಡದಿದ್ದರೆ ಶಂಕಿಸತಕ್ಕದ್ದು ಈ ಆವರಣವನ್ನೇ.

ಚೌಕಗಳು ಹೋಗಿ ಅಕ್ಷರಗಳು ಬಂದರೂ ‘ಭಾಲ್ಕಿ’ ಎಂಬಲ್ಲಿಯ ಕಕಾರದ ಒತ್ತು ಲಕಾರದ ಕೆಳಗೆ ಕೂಡದೆ ಪಕ್ಕದಲ್ಲಿ ಬಿಡಿಯಾಗಿ ನಿಂತಿದ್ದರೆ, ಅದು ಫಾಂಟಿನ ಅಭಾವವಲ್ಲ, ಜೋಡಣೆಯ ದೋಷ. ಆ ಹೆಸರಿನ ಆರು ಸಂಕೇತಗಳನ್ನು ಕ್ರಮವರಿತು ಕೂಡಿಸಿ ಒತ್ತಕ್ಷರವನ್ನಾಗಿಸುವ ಹಾರ್ಫ್‌ಬಜ್‌ನಂತಹ ಯಂತ್ರವನ್ನು ಆ ತಂತ್ರಾಂಶ ಬಳಸುತ್ತಿಲ್ಲವೆಂದಾಗಲಿ, ಫಾಂಟಿನಲ್ಲಿ ಜೋಡಣೆಯ ನಿಯಮಗಳಿಲ್ಲವೆಂದಾಗಲಿ ತಿಳಿಯಬೇಕು.

ಇವೆಲ್ಲಕ್ಕೂ ವಿಪರೀತವಾದ ಸಂಗತಿ ಇನ್ನೊಂದುಂಟು. ಯೂನಿಕೋಡ್ ಬಳಕೆಗೆ ಬರುವ ಮುನ್ನ, ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನಗಳಿಗೇ ಕನ್ನಡದ ಆಕೃತಿಗಳನ್ನು ತೊಡಿಸಲಾಗುತ್ತಿತ್ತು. ಹಾಗೆ ಬರೆದ ಕಡತವನ್ನು ಇಂದು ತೆರೆದರೆ ಚೌಕಗಳಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಇಲ್ಲಿ ಯೂನಿಕೋಡ್ ಫಾಂಟುಗಳನ್ನು ಎಷ್ಟು ತಂದು ತುಂಬಿದರೂ ಪ್ರಯೋಜನವಿಲ್ಲ. ಒಳಗಿನ ಸಂಕೇತವನ್ನೇ ಯೂನಿಕೋಡಿಗೆ ಪರಿವರ್ತಿಸಬೇಕು. ಪಟ್ಟದ್ದೇವರ ಶಾಲೆಯಲ್ಲಿ ಹೊರಗಣ ಫಲಕ ಪರಭಾಷೆಯದಾಗಿ ಒಳಗಣ ಪಾಠ ಕನ್ನಡದ್ದಾಗಿತ್ತು. ಈ ಕಡತಗಳಲ್ಲಿ ಫಲಕ ಮಾತ್ರ ಕನ್ನಡ, ಒಳಗಣ ಪಾಠ ಅನ್ಯ. ಅಂಥವನ್ನು ಕಾಲವಿರುವಾಗಲೇ ಪರಿವರ್ತಿಸಿಡುವುದು ನಮ್ಮ ಶಾಲೆ, ಪಂಚಾಯಿತಿ, ಮಠಮಾನ್ಯಗಳ ಕರ್ತವ್ಯವೆಂದು ನಾನು ನಂಬಿದ್ದೇನೆ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಬೀದರ ಮೈಸೂರು ರಾಜ್ಯವನ್ನು ಸೇರಿದ ಬಳಿಕ, ಇಲ್ಲಿಯ ಶಾಲೆಗಳು ಹೊರಗಿನ ಫಲಕವನ್ನೂ ಕನ್ನಡದಲ್ಲಿ ಬರೆಯಿಸಲು ಅಡ್ಡಿಯಿಲ್ಲವಾಯಿತು. ಒಳಗೆ ಪಾಠವೇ ನಿಂತುಹೋಗಿದ್ದರೆ ಆ ಫಲಕಕ್ಕೆ ಅರ್ಥವೇನಿರುತ್ತಿತ್ತು? ಸಾಯಗಾಂವದ ಮಾಸ್ತರರು ಚೌಕಗಳನ್ನು ಕಂಡು ಪತ್ರವನ್ನು ಅಳಿಸದಿರಲಿ; ಫಾಂಟು ಬಂದ ದಿನ ಅದರ ಕನ್ನಡ ತಾನಾಗಿಯೇ ಮೂಡುವುದು.