ಯಜಮಾನನು ಹೋದ ಮೇಲೆ: ಅಮೆರಿಕದ ರೈತರ ಉಯಿಲುಗಳು

ತಾಯಿಗೆ ಮಗನು ವರ್ಷವರ್ಷವೂ ಇಷ್ಟು ಅಳತೆ ಗೋದಿ, ಇಷ್ಟು ಮುಸುಕಿನ ಜೋಳ ಕೊಡತಕ್ಕದ್ದು; ಒಲೆಗೆ ಹಿಡಿಯುವಷ್ಟು ಉದ್ದಕ್ಕೆ ಸೌದೆ ಕಡಿದು ಅವಳ ಬಾಗಿಲಲ್ಲಿ ಒಟ್ಟತಕ್ಕದ್ದು; ಅವಳ ಒಂದು ಹಸುವನ್ನು ತನ್ನ ದನಗಳ ಜೊತೆಯಲ್ಲೇ ಮೇಯಿಸತಕ್ಕದ್ದು; ಭಾನುವಾರ ಇಗರ್ಜಿಗೆ ಹೋಗಲು ಅವಳಿಗೆ ಕುದುರೆ ಕೊಡತಕ್ಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯ, ನ್ಯೂ ಇಂಗ್ಲೆಂಡ್ ಮುಂತಾದ ಅಮೆರಿಕದ ಸೀಮೆಗಳ ರೈತರು ಬರೆಯಿಸಿದ ಉಯಿಲುಗಳಲ್ಲಿ ಇಂಥ ಷರತ್ತುಗಳು ಮತ್ತೆ ಮತ್ತೆ ಕಾಣುತ್ತವೆ. ಉಯಿಲೆಂದರೆ ನಮ್ಮ ಮುಂಬಯಿ, ಬೆಳಗಾವಿ ಕಡೆಯವರು ಹೇಳುವ ಮೃತ್ಯುಪತ್ರ.

ಹೆತ್ತ ಮಗನಿಗೆ ಇಷ್ಟೆಲ್ಲ ಕಾಗದದ ಕಟ್ಟು ಏಕೆ ಎಂದು ನಮಗೆ ಅನ್ನಿಸಬಹುದು. ಆ ರೈತನಿಗೆ ಮಗನ ಮೇಲೆ ಅಪನಂಬಿಕೆ ಇತ್ತೆಂದು ಹೇಳಲಾಗದು. ಅವನ ಬಳಿ ನೆಲ, ದನ, ದವಸ ಇದ್ದುವು. ನಗದು ಹಣ ಮಾತ್ರ ಬಲು ಕಡಿಮೆ. ಹೆಂಡತಿಗೆ ಹಣದ ಗಂಟು ಬಿಟ್ಟುಹೋಗಲು ಆಗುತ್ತಿರಲಿಲ್ಲ. ಆದುದರಿಂದ ಅವಳ ಅನ್ನ, ಬೆಂಕಿ, ಸೂರು ಇವನ್ನೇ ಒಂದೊಂದಾಗಿ ಎಣಿಸಿ ಬರೆದ. ನಾಳೆ ಮನೆಗೆ ಸೊಸೆ ಬರುವಳು, ಮನಸ್ಸುಗಳು ಬದಲಾಗುವುವು. ಬರೆದಿಟ್ಟ ಮಾತನ್ನು ನ್ಯಾಯಾಲಯ ನಡೆಸಿಕೊಡುವುದು ಎಂಬುದು ಅವನ ಲೆಕ್ಕ.

ಉಯಿಲು ಬರೆಯದೆ ಸತ್ತರೆ ಏನಾಗುತ್ತಿತ್ತು? ಇಂಗ್ಲೆಂಡಿನಿಂದ ಬಂದ ಹಳೆಯ ಕಾನೂನಿನಂತೆ ವಿಧವೆಗೆ ಗಂಡನ ಜಮೀನಿನಲ್ಲಿ ಮೂರನೆಯ ಒಂದು ಪಾಲು, ಅದೂ ಅವಳು ಬದುಕಿರುವ ತನಕ ಮಾತ್ರ. ತೊಂಬತ್ತು ಎಕರೆ ಇದ್ದರೆ ಮೂವತ್ತು ಎಕರೆಯ ಅನುಭೋಗ ಅವಳದು. ಮಾರುವ ಹಕ್ಕಿಲ್ಲ, ಅವಳ ನಂತರ ಅದು ಗಂಡನ ವಾರಸುದಾರರಿಗೆ. ಈ ಪಾಲನ್ನು ಗುರುತಿಸಲು ನ್ಯಾಯಾಲಯ ಊರಿನ ಗೃಹಸ್ಥರನ್ನು ನೇಮಿಸುತ್ತಿತ್ತು. ಅವರು ಹೊಲವನ್ನು ಅಳೆದಂತೆ ಮನೆಯನ್ನೂ ಅಳೆಯುತ್ತಿದ್ದರು. ಪೂರ್ವದ ಕೋಣೆ ಅವಳಿಗೆ, ನೆಲಮಾಳಿಗೆಯಲ್ಲಿ ಅರ್ಧ ಅವಳಿಗೆ, ಮುಂಬಾಗಿಲಿನಿಂದ ಬಾವಿಯವರೆಗೆ ಓಡಾಡುವ ಹಕ್ಕು ಅವಳಿಗೆ ಎಂದು ಬರೆದಿಡುತ್ತಿದ್ದರು. ತಾನೇ ಬಾಳಿದ ಮನೆಯಲ್ಲಿ ಬಾವಿಗೆ ಹೋಗಲು ಕಾಗದದ ಅಪ್ಪಣೆ!

ಇದಲ್ಲದೆ ನೆರೆಯವರು ಬಂದು ನೇಗಿಲಿನಿಂದ ಹಿಡಿದು ಚಮಚದವರೆಗೆ ಮನೆಯ ಚರಸ್ವತ್ತನ್ನೆಲ್ಲ ಪಟ್ಟಿ ಮಾಡಿ ಬೆಲೆ ಕಟ್ಟುವರು. ಸಾಲವಿದ್ದರೆ ಹರಾಜು. ತಾನು ಅಡಿಗೆ ಮಾಡಿದ ಪಾತ್ರೆಯನ್ನೇ ಹರಾಜಿನಲ್ಲಿ ಕೊಂಡುಕೊಂಡ ವಿಧವೆಯರೂ ಇದ್ದರು. ಪೆನ್ಸಿಲ್ವೇನಿಯದಲ್ಲಿ 1851ರ ಕಾನೂನು ಬಂದ ಮೇಲೆ 300 ಡಾಲರು ಬೆಲೆಯಷ್ಟು ಸ್ವತ್ತನ್ನು ಸಾಲಗಾರರ ಕೈಗೆ ಸಿಗದಂತೆ ವಿಧವೆಗೆ ಅಥವಾ ಮಕ್ಕಳಿಗೆ ಬಿಡಬೇಕಾಯಿತು.

ಇದೆಲ್ಲ ತಿಳಿದಿದ್ದ ರೈತನು ಹಾಸಿಗೆ ಹಿಡಿದಾಗಲಾದರೂ ನೆರೆಯವರನ್ನು ಕರೆಸಿ ಉಯಿಲು ಬರೆಯಿಸುತ್ತಿದ್ದ. ಅಕ್ಷರ ಬಾರದವನು ಕತ್ತರಿ ಗುರುತು ಹಾಕುತ್ತಿದ್ದ. ಮೊದಲು ಸಾಲ ತೀರಿಸಬೇಕೆಂಬ ಮಾತು, ಆಮೇಲೆ ಹೆಂಡತಿ, ಆಮೇಲೆ ಮಕ್ಕಳು. ಹೊಲವನ್ನು ಚೂರು ಮಾಡಿದರೆ ಯಾರ ಹೊಟ್ಟೆಯೂ ತುಂಬದೆಂದು ಅನೇಕರು ಅದನ್ನು ಒಬ್ಬ ಮಗನಿಗೆ ಕೊಟ್ಟು, ಅವನು ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ವರ್ಷಕ್ಕಿಷ್ಟು ಎಂದು ಕಂತಿನಲ್ಲಿ ಹಣ ಸಲ್ಲಿಸುವಂತೆ ಮಾಡುತ್ತಿದ್ದರು. ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಹಾಸಿಗೆ, ಹಸು, ನೂಲುವ ರಾಟೆ. ಮದುವೆಯಲ್ಲಿ ಕೊಟ್ಟದ್ದನ್ನು ಪಾಲಿನಲ್ಲಿ ಕಳೆಯುವುದೂ ಉಂಟು.

ಹೆಂಡತಿಯ ಪಾಲಿಗೆ ಒಂದು ಮುಳ್ಳೂ ಇರುತ್ತಿತ್ತು. ನನ್ನ ವಿಧವೆಯಾಗಿರುವ ತನಕ ಮಾತ್ರ ಎಂದು ಎಷ್ಟೋ ಉಯಿಲುಗಳು ಹೇಳುತ್ತವೆ. ಅವಳು ಮರುಮದುವೆಯಾದರೆ ಕೋಣೆ, ಸೌದೆ, ಹಸು ಎಲ್ಲವೂ ಹೋಯಿತು. ಹೊಲ ಪರರ ಪಾಲಾಗಬಾರದು ಎಂಬುದು ಗಂಡನ ಚಿಂತೆ. ಆ ಹೊಲದಲ್ಲಿ ಅವನೊಂದಿಗೇ ದುಡಿದವಳ ಮಾತನ್ನು ಕೇಳಿದವರು ಕಡಿಮೆ. ಗಂಡ ಬರೆದದ್ದು ತೀರ ಅನ್ಯಾಯವೆನಿಸಿದರೆ, ಉಯಿಲನ್ನು ಬಿಟ್ಟು ಕಾನೂನಿನ ಮೂರನೆಯ ಪಾಲನ್ನು ಕೇಳುವ ದಾರಿ ಸಾಮಾನ್ಯವಾಗಿ ಅವಳಿಗಿತ್ತು.

ಕಾಲ ನಿಧಾನವಾಗಿ ತಿರುಗಿತು. 1840ರಲ್ಲಿ ನ್ಯೂಯಾರ್ಕ್ ರಾಜ್ಯವು ಗಂಡನ ಜೀವವಿಮೆಯ ಹಣವನ್ನು ಹೆಂಡತಿಯು ಅವನ ಸಾಲಗಾರರ ಕಾಟವಿಲ್ಲದೆ ಪಡೆಯಲು ಅವಕಾಶ ಕೊಟ್ಟಿತು; 1848ರಲ್ಲಿ ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲೇ ಆಸ್ತಿ ಇಟ್ಟುಕೊಳ್ಳಬಹುದೆಂದಿತು. 1862ರ ಕಾನೂನಿನಂತೆ 160 ಎಕರೆ ಸರಕಾರಿ ನೆಲದಲ್ಲಿ ನೆಲೆಯೂರಿದವನು ಐದು ವರ್ಷ ತುಂಬುವ ಮೊದಲೇ ಸತ್ತರೆ ಅವನ ವಿಧವೆಯೇ ಆ ಹಕ್ಕನ್ನು ಪೂರ್ತಿಮಾಡಿಕೊಳ್ಳಬಹುದಿತ್ತು.

ನಮ್ಮಲ್ಲಿಯೂ ವಿಧವೆಗೆ ಜೀವಮಾನದ ಅನುಭೋಗ ಮಾತ್ರ ಎಂಬ ಕಟ್ಟು ಬಹುಕಾಲ ಇತ್ತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಮಾಡಿ ಒಂದು ಹೆಜ್ಜೆ ಮುಂದಿಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಹೆಂಗಸಿನ ಆಸ್ತಿಯನ್ನು ಅವಳ ಪೂರ್ಣ ಸ್ವತ್ತೆಂದು ಮಾಡಿತು. ಉಯಿಲಿಲ್ಲದೆ ಸತ್ತವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು, ತಾಯಿ ಇವರಿಗೆ ಸಮಪಾಲು ಕೊಟ್ಟಿತು. 2005ರ ತಿದ್ದುಪಡಿ ಮಗಳಿಗೆ ಪಿತ್ರಾರ್ಜಿತದಲ್ಲಿಯೂ ಮಗನಷ್ಟೇ ಹಕ್ಕು ಕೊಟ್ಟಿತು. ಮುಸಲ್ಮಾನ, ಕ್ರೈಸ್ತ ಬಂಧುಗಳಿಗೆ ಬೇರೆ ನಿಯಮಗಳಿವೆ.

ಆದರೂ ಆ ರೈತನ ಎಚ್ಚರ ನಮಗೆ ಬೇಕಾದದ್ದೇ. ಅವನ ಸ್ವತ್ತೆಲ್ಲ ಕಣ್ಣೆದುರಿಗೆ ಇತ್ತು, ನೆರೆಯವರಿಗೆ ಗೊತ್ತಿತ್ತು. ನಮ್ಮದು ಹಾಗಲ್ಲ. ಹೊಲ ಊರಿನಲ್ಲಿ, ಭವಿಷ್ಯನಿಧಿ ಕಚೇರಿಯಲ್ಲಿ, ಉಳಿತಾಯ ಇಲ್ಲಿಯ ಬ್ಯಾಂಕಿನಲ್ಲಿ, ವಿಮೆಯ ಪಾಲಿಸಿ ಪೆಟ್ಟಿಗೆಯ ತಳದಲ್ಲಿ. ಇದ್ದಕ್ಕಿದ್ದಂತೆ ಯಜಮಾನನು ಹೋದರೆ, ಪರಭಾಷೆಯ ಊರಿನಲ್ಲಿ ಹೆಂಡತಿ ಯಾವ ಕಿಟಕಿಯ ಮುಂದೆ ನಿಲ್ಲಬೇಕು?

ಉಯಿಲಿಗೆ ಸ್ಟಾಂಪು ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬರೆದವನ ರುಜು, ಇಬ್ಬರು ಸಾಕ್ಷಿಗಳ ರುಜು ಬೇಕು. ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದು ಲೇಸು. ಬ್ಯಾಂಕಿನ ನಾಮಿನಿ ಹಣವನ್ನು ಕೈಗೆ ತೆಗೆದುಕೊಳ್ಳುವವನು ಮಾತ್ರ. ಅದರಿಂದ ವಾರಸುದಾರರ ಹಕ್ಕು ಅಳಿಯದು. ಹೆಂಡತಿ ಮಕ್ಕಳಿಗೆಂದೇ ವಿಮೆ ಮಾಡಿಸುವವರು 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾನೂನಿನಡಿ ಪಾಲಿಸಿ ಪಡೆದರೆ ಸಾಮಾನ್ಯವಾಗಿ ಸಾಲಗಾರರು ಅದನ್ನು ಮುಟ್ಟಲಾರರು. ಹಿಂದೂಗಳಿಗೂ ಈ ಸೌಲಭ್ಯ 1923ರಿಂದ ಇದೆ.

ಉಯಿಲಿನ ಮಾತು ಅಶುಭವೆಂದು ಮುಂದೂಡುವ ಗೆಳೆಯರಿಗೆ ನಾವು ಕೇಳುವುದು ಇಷ್ಟೆ: ಮೊದಲು ಒಂದು ಹಾಳೆಯಲ್ಲಿ ಏನೇನು ಎಲ್ಲೆಲ್ಲಿದೆ, ಯಾರಿಗೆ ಎಷ್ಟು ಸಾಲ ಕೊಡಬೇಕು ಎಂದು ಬರೆಯಿರಿ, ಅದನ್ನು ಮನೆಯವರಿಗೆ ಓದಿ ಹೇಳಿರಿ. ಸೌದೆಯ ಉದ್ದವನ್ನೂ ಬರೆದಿಟ್ಟ ಆ ರೈತನು ಒಂದು ವಿಷಯ ಚೆನ್ನಾಗಿ ಬಲ್ಲವನಾಗಿದ್ದ: ಮನಸ್ಸಿನಲ್ಲಿ ಪ್ರೀತಿ ಎಷ್ಟಿದ್ದರೂ, ಬರೆಯದೆ ಹೋದರೆ ಹಿಂದೆ ಉಳಿದವರು ಅದನ್ನು ಯಾರ ಮುಂದೆಯೂ ತೋರಿಸಲಾರರು.