ಸುತ್ತಿದ ಸುರುಳಿಯೊಳಗಿನ ಬಿಗಿತ

ಸೊಲ್ಲಾಪುರದ ಮಗ್ಗದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಬೀಮಿನ ಪರಿಚಯವು ಹೊಸದಲ್ಲ. ಹಾಸಿನ ಎಳೆಗಳನ್ನು ಸಮನಾಗಿ ಎಳೆದು ಅದರ ಮೇಲೆ ಸುತ್ತುವರು. ಸುತ್ತು ಸಡಿಲವಾದರೆ ಎಳೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುವುವು. ಅತಿ ಬಿಗಿಯಾದರೆ ನೇಯುವಾಗ ಕಡಿಯುವುವು. ಎರಡರಲ್ಲಿಯೂ ನಷ್ಟವು ನೇಕಾರನಿಗೇ. ಕಾಗದ, ಪ್ಲಾಸ್ಟಿಕ್ ಹಾಳೆ, ಧ್ವನಿಮುದ್ರಣದ ಟೇಪು ಮೊದಲಾದ ವಸ್ತುಗಳಿಗೂ ಇಂತಹದೇ ಕಷ್ಟವುಂಟು. ಸುತ್ತುವಾಗ ಕೊಟ್ಟ ಬಿಗಿತವು ಸುರುಳಿಯೊಳಗೆ ಹಾಗೆಯೇ ಉಳಿಯುವುದೆ? ಉಳಿಯುವುದಿಲ್ಲ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಮೇಲಿನ ಸುತ್ತುಗಳ ಒತ್ತಡ. ಎಳೆದು ಸುತ್ತಿದ ಪ್ರತಿಯೊಂದು ಸುತ್ತೂ ತನ್ನ ಒಳಗಿರುವುದನ್ನು ಅಮುಕುವುದು. ಒಂದು ಮೀಟರ್ ಅಗಲದ ತೆಳುವಾದ ಹಾಳೆಯನ್ನು 100 ನ್ಯೂಟನ್ ಬಲದಿಂದ, ಎಂದರೆ ಸುಮಾರು 10 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದು, 10 ಸೆಂಟಿಮೀಟರ್ ತ್ರಿಜ್ಯದ ಕೊಳವೆಗೆ ಸುತ್ತುತ್ತೇವೆಂದು ಭಾವಿಸೋಣ. ಬಲವನ್ನು ಅಗಲ ಮತ್ತು ತ್ರಿಜ್ಯಗಳ ಗುಣಲಬ್ಧದಿಂದ ಭಾಗಿಸಿದರೆ ಒಂದು ಸುತ್ತಿನ ಒತ್ತಡವು 1,000 ಪಾಸ್ಕಲ್ ಆಗುವುದು. ಇದು ವಾಯುಮಂಡಲದ ಒತ್ತಡದ ನೂರನೆಯ ಒಂದು ಪಾಲು. ಹಾಗಾದರೆ ನೂರು ಸುತ್ತುಗಳಿಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡವಾಗಬೇಕಷ್ಟೆ?

ಅಷ್ಟಾಗುವುದಿಲ್ಲ. ಮೇಲಿನವು ಅಮುಕಿದಂತೆ ಒಳಗಿನ ಸುತ್ತುಗಳ ತ್ರಿಜ್ಯವು ತುಸು ಕುಗ್ಗಿ ಅವುಗಳ ಎಳೆತವು ಇಳಿಯುವುದು. ಎಳೆತವು ಪೂರ್ಣವಾಗಿ ಹೋಗಿ, ಹಾಳೆಯು ತನ್ನ ಉದ್ದದಲ್ಲಿಯೇ ಒತ್ತಲ್ಪಟ್ಟು ಸುಕ್ಕುಗಟ್ಟುವುದೂ ಉಂಟು. ಇದಲ್ಲದೆ, ಒಂದರ ಮೇಲೊಂದು ಅಡಕಿದ ಚಾದರಗಳನ್ನು ಅಮುಕಿ ನೋಡಿರಿ: ಮೊದಲು ಸುಲಭವಾಗಿ ತಗ್ಗುವುವು, ಬರಬರುತ್ತ ಗಟ್ಟಿಯಾಗುವುವು. ಸುರುಳಿಯ ಸ್ವಭಾವವೂ ಹೀಗೆಯೇ. ಇದನ್ನು ಗಣನೆಗೆ ತಂದು, ಸುತ್ತಿನ ಮೇಲೆ ಸುತ್ತನ್ನು ಸೇರಿಸುತ್ತ ಒಳಗಿನ ಬಲಗಳನ್ನು ಲೆಕ್ಕ ಹಾಕುವ ಕ್ರಮವನ್ನು ಹಾಕಿಯೆಲ್ ಎಂಬ ಸಂಶೋಧಕರು 1987ರಲ್ಲಿ ಪ್ರಕಟಿಸಿದರು.

ಎರಡನೆಯ ಕಾರಣವು ಕಾಲ. 1835ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ವೇಬರ್ ರೇಷ್ಮೆಯ ಎಳೆಗೆ ಭಾರವನ್ನು ತೂಗಹಾಕಿ ಪರೀಕ್ಷಿಸಿದರು. ಎಳೆಯು ಒಮ್ಮೆಲೆ ಹಿಗ್ಗಿತು. ಅನಂತರವೂ ಮೆಲ್ಲಮೆಲ್ಲನೆ ಹಿಗ್ಗುತ್ತಲೇ ಹೋಯಿತು. ಉಕ್ಕಿನ ಸ್ಪ್ರಿಂಗಿನಂತೆ ಹಿಂದಿರುಗುವ ಗುಣ, ಜೇನಿನಂತೆ ನಿಧಾನವಾಗಿ ಹರಿಯುವ ಗುಣ, ಇವೆರಡೂ ಸೇರಿದ ಇಂತಹ ವಸ್ತುಗಳಿಗೆ ಸ್ನಿಗ್ಧ-ಸ್ಥಿತಿಸ್ಥಾಪಕ ವಸ್ತುಗಳೆಂದು ಹೆಸರು. ಹತ್ತಿಯ ನೂಲೂ ಪ್ಲಾಸ್ಟಿಕ್ಕೂ ಈ ಜಾತಿಯವೇ. ಇವನ್ನು ಎಳೆದು ಕಟ್ಟಿಟ್ಟರೆ, ಉದ್ದವು ಬದಲಾಗದಿದ್ದರೂ ಬಿಗಿತವು ತಾನಾಗಿ ಇಳಿಯುವುದು. ಆದುದರಿಂದಲೇ ಇಂದು ಗಟ್ಟಿಯಾಗಿದ್ದ ಸುರುಳಿಯು ಕೆಲದಿನಗಳಲ್ಲಿ ಸಡಿಲಾಗಿ, ಅದರ ಸುತ್ತುಗಳು ಪಕ್ಕಕ್ಕೆ ಜಾರಬಹುದು. ಸೆಕೆಯಲ್ಲಿ ಈ ಕಾರ್ಯವು ಇನ್ನೂ ಶೀಘ್ರವಾಗಿ ನಡೆಯುವುದು. ಸುತ್ತುಗಳ ಲೆಕ್ಕದೊಡನೆ ಕಾಲದ ಲೆಕ್ಕವನ್ನೂ ಕೂಡಿಸಿದ ಒಂದು ಕ್ರಮವನ್ನು ಕ್ವಾಲ್ಸ್ ಮತ್ತು ಗುಡ್ ಎಂಬವರು 1997ರಲ್ಲಿ ಪ್ರಕಟಿಸಿದರು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ನೋಡಬಹುದು. ಪಾಲಿಥೀನ್ ಚೀಲದಿಂದ ಕತ್ತರಿಸಿದ ಪಟ್ಟಿಗೆ, ಅದು ಹರಿಯದಷ್ಟು ಭಾರದ ಕಲ್ಲನ್ನು ತೂಗಹಾಕಿ, ಕೂಡಲೆ ಉದ್ದವನ್ನು ಅಳೆಯಿರಿ. ಮರುದಿನ ಮತ್ತೆ ಅಳೆಯಿರಿ. ಕಲ್ಲನ್ನು ತೆಗೆದ ಮೇಲೆ ಪಟ್ಟಿಯು ಒಮ್ಮೆಲೆ ಮೊದಲಿನ ಉದ್ದಕ್ಕೆ ಬರುವುದೋ ಎಂಬುದನ್ನೂ ಗಮನಿಸಿರಿ.

ಕಾರಣವು ತಿಳಿದರೆ ಉಪಾಯವೂ ತೋರುವುದು. ಹಾಳೆಗಳ ಸುರುಳಿಯನ್ನು ಬುಡದಲ್ಲಿ ಗಟ್ಟಿಯಾಗಿ ಸುತ್ತಿ, ಮೇಲೆ ಹೋದಂತೆ ಎಳೆತವನ್ನು ಅಳತೆಯಿಂದ ಇಳಿಸುವ ಪದ್ಧತಿಯುಂಟು. ಇದರಿಂದ ಒಳಗಿನ ಸುತ್ತುಗಳು ನಲುಗುವುದು ಕಡಿಮೆಯಾಗುವುದು. ಸುರುಳಿಯನ್ನು ಎಷ್ಟು ದಿನ, ಎಂತಹ ಸ್ಥಳದಲ್ಲಿ ಇಡಬೇಕೆಂಬುದನ್ನೂ ಮೊದಲೇ ಯೋಚಿಸತಕ್ಕದ್ದು. ಬೀಮನ್ನು ಬೆರಳಿನಿಂದ ಒತ್ತಿ ಅದರ ಬಿಗಿತವನ್ನು ಅರಿಯುವುದು ಮಗ್ಗದ ಅನುಭವ; ಆ ಬಿಗಿತವು ನಾಳೆ ಎಷ್ಟು ಉಳಿಯುವುದೆಂದು ಹೇಳುವುದು ಗಣಿತ. ನಮ್ಮ ಮಕ್ಕಳು ಎರಡನ್ನೂ ಕಲಿಯಲೆಂಬುದೇ ನಮ್ಮ ಹಾರೈಕೆ.